ಸೊಪ್ಪಿದ್ದಷ್ಟು ಮೊಟ್ಟೆ

ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ನಾಲ್ಕು ಸಲ ಪೊರೆ ಬಿಟ್ಟು ಏಳುತ್ತದೆ. ಜ್ವರಕ್ಕೆ ಕೂತಾಗ ತಲೆ ಎತ್ತಿಕೊಂಡು ಅಲುಗದೆ ಇರುತ್ತದೆ, ಎಂಥ ಎಳೆ ಸೊಪ್ಪು ಹಾಕಿದರೂ ಮುಟ್ಟುವುದಿಲ್ಲ. ಎದ್ದ ಮೇಲೆ ಅದರ ಹಸಿವಿಗೆ ತಡೆಯಿಲ್ಲ. ನಾಲ್ಕನೇ ಜ್ವರ ಕಳೆದು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ತನಕದ ಏಳೆಂಟು ದಿನದಲ್ಲಿ ತಿನ್ನುವ ಸೊಪ್ಪು ಅದು ಜೀವಮಾನವಿಡೀ ತಿನ್ನುವುದರಲ್ಲಿ ಶೇ 80ಕ್ಕೂ ಹೆಚ್ಚು. ನಾವು ಒಂದು ಮೊಟ್ಟೆ ಎಂದು ಲೆಕ್ಕ ಹಿಡಿಯುವುದು ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆಯನ್ನು, ಅಂದರೆ ನಾನ್ನೂರು ಐನೂರು ಹುಳುವನ್ನು. ಹಾಗೆ ನೂರು ಮೊಟ್ಟೆಯ, ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿ ಹುಳು ಸಾಕಲು ಹೆಚ್ಚುಕಡಿಮೆ ಒಂದು ಟನ್ ಸೊಪ್ಪು ಬೇಕು. ಸೊಪ್ಪು ಎಷ್ಟಿದೆಯೋ ಅಷ್ಟೇ ಮೊಟ್ಟೆ ತರಬೇಕು ಎಂಬುದು ನಮ್ಮ ಮಳವಳ್ಳಿ ಕಡೆ ಮಕ್ಕಳಿಗೂ ಗೊತ್ತಿರುವ ಮಾತು.

ಇದನ್ನೆಲ್ಲ ನಾನು ನನ್ನದೇ ಎಂದು ಒಂದು ಹುಳುವನ್ನೂ ಸಾಕುವ ಮೊದಲೇ ಅಚ್ಚುಕಟ್ಟಾಗಿ ಬರೆದಿಟ್ಟಿದ್ದೆ.

ಮೈಸೂರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಂಜೆ ರೂಮಿಗೆ ಬಂದು, ಅನ್ನಕ್ಕಿಟ್ಟು, ಲ್ಯಾಪ್‌ಟಾಪ್ ತೆರೆದರೆ ಮತ್ತೆ ಲೆಕ್ಕವೇ. ಅದು ಊರಿನ ಲೆಕ್ಕ. ಅರ್ಧ ಎಕರೆಗೆ ಜೋಡಿ ಸಾಲಿನಲ್ಲಿ ವಿ-1 ಹಿಪ್ಪುನೇರಳೆ ಹಾಕಿದರೆ ಗಿಡ ಎಷ್ಟು, ಸೊಪ್ಪು ಎಷ್ಟು, ಆಳು ಎಷ್ಟು, ಗೂಡಿನ ಬೆಲೆ ಕೆಳಗಿದ್ದರೆ ಏನು ಉಳಿಯುತ್ತದೆ, ಮೇಲಿದ್ದರೆ ಏನು. ಮಾನಂದವಾಡಿ ರಸ್ತೆಯಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ನನ್ನ ರೂಮಿನಿಂದ ದೂರವಿರಲಿಲ್ಲ. 1997ರಲ್ಲಿ ವಿ-1 ತಳಿ ಹೊರಬಂದದ್ದು ಅಲ್ಲಿಂದಲೇ. ಅಲ್ಲಿಗೂ ಹೋಗಿ ಕೈಪಿಡಿಗಳನ್ನು ತಂದೆ. ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ ಶಾಖ, ಗಾಳಿಯಲ್ಲಿ ಶೇ 70ರಿಂದ 75 ತೇವ ಇರಬೇಕು ಎಂಬುದು ಬಾಯಿಪಾಠವಾಯಿತು. ಪ್ರತಿ ಬೇಸಿಗೆಗೂ ಒಂದು ಹೊಸ ಹಾಳೆ ಸೇರುತ್ತಿತ್ತು. ಬೋರ್‌ವೆಲ್ ನೀರು ಕಮ್ಮಿಯಾದರೆ ಎಂಬ ಕಾಲಂ, ಅಪ್ಪನಿಗೆ ಹುಷಾರು ತಪ್ಪಿದರೆ ಎಂಬ ಕಾಲಂ. ಒಂದೊಂದು ಹಾಳೆ ಮುಗಿದ ರಾತ್ರಿಯೂ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ತೋಟದಲ್ಲಿ ಮಾತ್ರ ಒಂದು ಕಡ್ಡಿ ಊರಿರಲಿಲ್ಲ.

ಆ ನಿದ್ದೆಯ ಗುಟ್ಟು ನನಗೆ ತಿಳಿದದ್ದು ಆಮೇಲೆ. ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಮನಃಶಾಸ್ತ್ರಜ್ಞರ ಒಂದು ಅಧ್ಯಯನವಿದೆ. ಮುಗಿಯದ ಕೆಲಸ ಮನಸ್ಸನ್ನು ಕೊರೆಯುತ್ತಾ ಇರುತ್ತದೆ, ಬೇರೆ ಕೆಲಸಕ್ಕೂ ಅಡ್ಡ ಬರುತ್ತದೆ. ಆದರೆ ಅದನ್ನು ಎಲ್ಲಿ, ಯಾವಾಗ, ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಯೋಜನೆ ಹಾಕಿಕೊಂಡವರಲ್ಲಿ, ಕೆಲಸ ಇನ್ನೂ ಶುರುವಾಗಿರದಿದ್ದರೂ, ಆ ಕೊರೆತ ಅಡಗುತ್ತದೆ ಎಂದು ಅವರು ತೋರಿಸಿದರು. ಮನಸ್ಸಿಗೆ ಬಿಡುವು ಸಿಗುತ್ತದೆ ಎಂಬ ಅರ್ಥದಲ್ಲಿ ಅದು ಒಳ್ಳೆಯ ಸಂಗತಿಯೇ. ನನಗೆ ಅದನ್ನು ಓದಿದಾಗ ಮೈ ಜುಂ ಎಂದಿತು. ಕೆಲಸ ಮಾಡಿ ಮುಗಿಸಿದವಳಿಗೆ ಸಿಗಬೇಕಾದ ನೆಮ್ಮದಿ ಹಾಳೆಯ ಮೇಲೆಯೇ ಸಿಗುವುದಾದರೆ ಕೆಲಸಕ್ಕೆ ಕೈ ಯಾಕೆ ಹೋಗುತ್ತದೆ?

ನನ್ನ ಮಟ್ಟಿಗೆ ಹೆದರಿಕೆಗೆ ಬೇರೆ ಬೇರೂ ಇತ್ತು. ಅದನ್ನು ಹೇಳದೆ ಈ ಬರಹಕ್ಕೆ ಅರ್ಥವಿಲ್ಲ.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಹೊರಗಿನ ನೂಲು ಅಗ್ಗವಾಗಿ ಬರುತ್ತದೆ ಎಂದಾದ ಕೂಡಲೇ ಇಲ್ಲಿ ಗೂಡಿನ ಬೆಲೆ ಕುಸಿಯಿತು. ಆಗ ನಮ್ಮ ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಹುಳು ಎದ್ದ ಮೇಲೆ ನಿಲ್ಲಿಸಲಾಗುವುದಿಲ್ಲ. ಸೊಪ್ಪು ಸಾಲದೆ ಅಪ್ಪ ಪಕ್ಕದ ಊರಿಂದ ಕೊಂಡು ತಂದು ಹಾಕಿದರು. ಬೆಳೆ ಚೆನ್ನಾಗಿಯೇ ಆಯಿತು. ಗೂಡು ಗಟ್ಟಿ, ಬಿಳುಪು, ಹಿಡಿದರೆ ಕೈ ತುಂಬುವಂಥದ್ದು. ರಾಮನಗರದ ಮಾರುಕಟ್ಟೆಯಲ್ಲಿ ಅಪ್ಪ ಲಾಟು ಸುರಿದುಕೊಂಡು ನಿಂತರೆ ಹಿಂದಿನ ಬೆಳೆಗೆ ಬಂದ ಬೆಲೆಯ ಅರ್ಧವೂ ಏಳಲಿಲ್ಲ. ಗೂಡನ್ನು ವಾಪಸು ತರುವ ಹಾಗಿಲ್ಲ, ಒಳಗಿನ ಹುಳು ಚಿಟ್ಟೆಯಾಗಿ ಗೂಡು ಸೀಳಿದರೆ ನೂಲಿಗೆ ಬಾರದು. ಕೇಳಿದಷ್ಟಕ್ಕೆ ಕೊಟ್ಟು ಬಂದರು.

ಮುಂದಿನದು ಸಾಲದ ಮನೆಗಳೆಲ್ಲ ಕಂಡಿರುವಂಥದ್ದೇ. ಸೊಸೈಟಿ ಸಾಲ, ಅದನ್ನು ಕಟ್ಟಲು ಕೈಸಾಲ, ಕೈಸಾಲದ ಬಡ್ಡಿಗೆ ಅವ್ವನ ಓಲೆ. ಅವ್ವ ಓಲೆ ಬಿಚ್ಚಿ ಕೊಟ್ಟು ಕಿವಿಗೆ ಕಡ್ಡಿ ಚುಚ್ಚಿಕೊಂಡು ತಿರುಗಿದಳು. ತೋಟ ಕಿತ್ತು ಆ ಜಾಗಕ್ಕೆ ಕಬ್ಬು ಹಾಕಿದರು. ಹುಳುಮನೆಗೆ ಹುಲ್ಲು ತುಂಬಿದರು. ನಾನು ಓದು ಮುಗಿಸಿ ಮೈಸೂರಿಗೆ ಹೋದೆ, ಸಂಬಳದಲ್ಲಿ ಬಡ್ಡಿ ಕಟ್ಟಿದೆ. ಸಾಲ ತೀರಿತು. ಸಾಲ ತೀರಿದ ಮೇಲೂ ಫೋನಿನಲ್ಲಿ ಅಪ್ಪನ ದನಿ ಸ್ವಲ್ಪ ತಗ್ಗಿದರೆ ನನ್ನ ಹೊಟ್ಟೆಯಲ್ಲಿ ಕಲಸಿದಂತಾಗುತ್ತಿತ್ತು.

ಹೀಗೆ ಬೆಳೆದವರು ಯೋಜನೆ ಹಾಕುತ್ತಾ ಕೂರುವುದನ್ನು ಸೋಮಾರಿತನ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಒಂದು ಏಟು ತಪ್ಪಿದರೆ ಮನೆ ಮುಳುಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಹತ್ತು ಸಲ ಅಳೆಯುತ್ತಾರೆ. ಅದು ಅವರು ಕಲಿತ ಪಾಠ, ಯಾರೂ ಪುಕ್ಕಟೆ ಕಲಿಸಿದ್ದಲ್ಲ. ಫೋನಿನಲ್ಲಿ ಬರುವ ವಿಡಿಯೋಗಳಲ್ಲಿ ‘ಯೋಚಿಸಬೇಡಿ, ಧುಮುಕಿಬಿಡಿ’ ಎನ್ನುವವರ ಬೆನ್ನ ಹಿಂದೆ ಸಾಮಾನ್ಯವಾಗಿ ಒಂದು ಗಟ್ಟಿ ಮನೆ ಇರುತ್ತದೆ. ಬಿದ್ದರೆ ಎತ್ತಿಕೊಳ್ಳುವವರಿರುತ್ತಾರೆ. ಅದಿಲ್ಲದವರಿಗೆ ಧುಮುಕು ಎಂದು ಹೇಳುವುದು ಕ್ರೌರ್ಯ.

ಆದರೂ ಒಂದು ಸಂಗತಿ ನನಗೆ ಬಹಳ ದಿನ ಕಾಣದೇ ಇತ್ತು. ಅದನ್ನು ತೋರಿಸಿದ್ದು ಅಪ್ಪ. ಒಂದು ಹಬ್ಬಕ್ಕೆ ಊರಿಗೆ ಹೋದಾಗ ನನ್ನ ಹಾಳೆಗಳನ್ನು ಜಗಲಿಯ ಮೇಲೆ ಹರಡಿಕೊಂಡು ವಿವರಿಸುತ್ತಿದ್ದೆ. ಬೆಲೆ ಹೀಗೆ ಬಿದ್ದರೆ ಹೀಗೆ, ಹಾಗೆ ಬಿದ್ದರೆ ಹಾಗೆ. ಆಗ ಇದೆಲ್ಲ ಗೊತ್ತಿದ್ದಿದ್ದರೆ ನಾವು ಉಳಿಯುತ್ತಿದ್ದೆವು ಎಂಬರ್ಥದ ಮಾತೂ ಬಾಯಿಂದ ಬಂತು. ಅಪ್ಪ ಎಲೆ ಅಡಿಕೆ ಅಗಿಯುತ್ತಾ ಎಲ್ಲ ಕೇಳಿಸಿಕೊಂಡು, ‘ಡೆಲ್ಲೀಲಿ ಸುಂಕ ಇಳ್ಸುದ್ರೆ ಮಳವಳ್ಳೀಲಿ ಕೂತ್ಕಂಡು ನಾನೇನ್ ಮಾಡಕಾಯ್ತಿತ್ತವ್ವ?’ ಎಂದರು. ದನಿಯಲ್ಲಿ ನೋವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ನನ್ನ ಬಳಿ ಉತ್ತರವಿರಲಿಲ್ಲ. ಅಪ್ಪ ಮಾಡಬೇಕಾದ್ದನ್ನೆಲ್ಲ ಸರಿಯಾಗಿಯೇ ಮಾಡಿದ್ದರು. ಬೆಳೆ ಕೆಟ್ಟಿರಲಿಲ್ಲ. ಯಾವ ಹಾಳೆಯೂ ಆ ಬಜೆಟ್ಟನ್ನು ಮೊದಲೇ ಹೇಳುತ್ತಿರಲಿಲ್ಲ. 2013ರಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿದ್ದೂ ನಮ್ಮನ್ನು ಕೇಳಿಯಲ್ಲ, ಅಷ್ಟರಲ್ಲಿ ನಮ್ಮ ತೋಟ ಕಬ್ಬಾಗಿತ್ತು. ನಾನು ಬರೆಯುತ್ತಿದ್ದ ಯೋಜನೆಗಳೆಲ್ಲ ಮುಂದಿನ ವರ್ಷಕ್ಕೆ ಎಂದುಕೊಂಡಿದ್ದೆ. ಅಷ್ಟೂ 2011ಕ್ಕೆ ಬರೆದವು. ಆ ವರ್ಷವನ್ನು ಹೇಗಾದರೂ ತಡೆಯಬೇಕು, ಅವ್ವನ ಓಲೆ ಉಳಿಸಬೇಕು, ಅಪ್ಪ ಮಾರುಕಟ್ಟೆಯಿಂದ ಬರಿಗೈಲಿ ಬರದ ಹಾಗೆ ನೋಡಿಕೊಳ್ಳಬೇಕು ಎಂದು ಒಂದೊಂದು ಕಾಲಮ್ಮೂ ಹುಟ್ಟಿಕೊಂಡಿತ್ತು. ಆಗಿಹೋದ ವರ್ಷಕ್ಕೆ ಎಷ್ಟು ಹಾಳೆ ಬರೆದರೂ ಸಾಲುವುದಿಲ್ಲವಾದ್ದರಿಂದ ಬರೆಯುವುದೂ ಮುಗಿಯುತ್ತಿರಲಿಲ್ಲ.

ಅಂದಿನಿಂದ ನಾನು ಪ್ರಶ್ನೆಯನ್ನು ಬದಲಿಸಿಕೊಂಡೆ. ಹುಳು ತರುವ ಮುಂಚೆಯೇ ಕೈಯಲ್ಲಿರುವುದು ಏನು, ತಂದ ಮೇಲೂ ಕೈಯಲ್ಲಿಲ್ಲದ್ದು ಏನು?

ಗಂಟುರೋಗವನ್ನೇ ನೋಡಿ. ತಾಯಿ ಚಿಟ್ಟೆಯಿಂದ ಮೊಟ್ಟೆಗೇ ದಾಟುವ ರೋಗ ಅದು. 19ನೇ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆಯನ್ನು ನೆಲಕ್ಕೆ ಹಾಕಿತ್ತು. ಲೂಯಿ ಪಾಶ್ಚರ್ 1865ರಲ್ಲಿ ಅಲ್ಲಿನ ರೇಷ್ಮೆ ಸೀಮೆಗೆ ಹೋಗಿ ವರ್ಷಗಟ್ಟಲೆ ಕೂತು ಕಂಡುಕೊಂಡ ಉಪಾಯ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಯನ್ನೇ ಸುಡುವುದು. ಇಂದಿಗೂ ಮೊಟ್ಟೆ ತಯಾರಿಸುವ ಕಡೆ ಅದನ್ನೇ ಮಾಡುತ್ತಾರೆ. ನಾನು ಮಾಡಬೇಕಾದ್ದು ಒಳ್ಳೆಯ ಕಡೆಯಿಂದ ಮೊಟ್ಟೆ ತರುವುದಷ್ಟೇ, ಆ ಭಯಕ್ಕೆ ಅಲ್ಲಿಗೆ ಪರಿಹಾರ. ಮನೆ ತೊಳೆದು ಬ್ಲೀಚಿಂಗ್ ಪೌಡರ್ ಹೊಡೆಯುವುದು, ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಬಾರದಂತೆ ಕಿಟಕಿಗೆ ಪರದೆ ಕಟ್ಟುವುದು, ಸೊಪ್ಪಿಗಿಂತ ಹೆಚ್ಚು ಹುಳು ತಾರದೆ ಇರುವುದು, ಇವೆಲ್ಲ ಮೊದಲೇ ಮಾಡುವಂಥವು, ಮಾಡಿ ಮರೆಯುವಂಥವು. ಬೆಲೆ ಕೈಯಲ್ಲಿಲ್ಲ. ಮಳೆ ಕೈಯಲ್ಲಿಲ್ಲ. ಆದರೆ ಬೆಲೆ ಬಿದ್ದರೆ ಎಷ್ಟು ಕಳೆದುಕೊಳ್ಳುತ್ತೇನೆ ಎಂಬುದು ಮಾತ್ರ ಪೂರ್ತಿ ನನ್ನ ಕೈಯಲ್ಲೇ ಇತ್ತು. ಮನೆಗೆ ಪೆಟ್ಟು ಬೀಳದಷ್ಟು ಸಣ್ಣದಾಗಿ ಶುರುಮಾಡಿದರೆ ಆಯಿತು. ಇಷ್ಟಕ್ಕೆ ಒಂದು ಹಾಳೆಯೂ ತುಂಬಲಿಲ್ಲ.

ನಮ್ಮ ಜಿಲ್ಲೆಯವರು ಮನೆಯಲ್ಲಿ ಫೋಟೋ ಇಟ್ಟು ಪೂಜಿಸುವ ವಿಶ್ವೇಶ್ವರಯ್ಯನವರಿಗಿಂತ ಯೋಜನೆಯ ಮನುಷ್ಯ ಇನ್ನೊಬ್ಬರಿಲ್ಲ. ಅವರ ಕನ್ನಂಬಾಡಿ ಕಟ್ಟೆಯ ಕತೆಯನ್ನು ನಾನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. 1911ರಲ್ಲಿ ಕೆಲಸ ಶುರುವಾದಾಗ ಅವರ ಮನಸ್ಸಿನಲ್ಲಿದ್ದ ಎತ್ತರಕ್ಕೆ ಒಪ್ಪಿಗೆಯಿರಲಿಲ್ಲ. ಮದ್ರಾಸ್ ಸರ್ಕಾರ ತಕರಾರು ತೆಗೆದಿತ್ತು, ಮೊದಲ ಹಂತಕ್ಕೆ 80 ಅಡಿ ಎತ್ತರಕ್ಕೆ ಮಾತ್ರ ಅನುಮತಿ ಸಿಕ್ಕಿತು. ಅವರು ಪೂರ್ತಿ ಒಪ್ಪಿಗೆ ಬರಲಿ ಎಂದು ನಕ್ಷೆ ತಿದ್ದುತ್ತಾ ಕೂರಲಿಲ್ಲ. ಸಿಕ್ಕ 80 ಅಡಿಗೆ ಕೆಲಸ ಹಿಡಿದರು, ಅಡಿಪಾಯವನ್ನು ಮಾತ್ರ ಪೂರ್ತಿ ಎತ್ತರದ ಕಟ್ಟೆ ಹೊರುವಷ್ಟು ಅಗಲಕ್ಕೆ ಹಾಕಿಸಿದರು. ಮದ್ರಾಸಿನ ಜೊತೆ ಒಪ್ಪಂದವಾದದ್ದು 1924ರಲ್ಲಿ. ಅಷ್ಟು ಹೊತ್ತಿಗೆ ಕಲ್ಲು ಗಾರೆ ಕೂತು ವರ್ಷಗಳಾಗಿದ್ದವು. ಇಂದು ಆ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ನಮ್ಮೂರು ಅದರ ನಾಲೆಯ ಕೊನೆಭಾಗದಲ್ಲಿದೆ.

ನಾನು ಕೆಲಸ ಬಿಡಲಿಲ್ಲ. ಸಂಬಳವಿಲ್ಲದ ರಜೆ ಕೇಳಿದೆ, ಕೊಟ್ಟರು. ಕಬ್ಬು ಕಡಿದ ಅರ್ಧ ಎಕರೆಗೆ ಸಸಿ ನಾಟಿ ಮಾಡಿಸಿದೆವು. ಆದರೆ ಸಾಲಿನ ಅಂತರ, ಹನಿ ನೀರಾವರಿಯ ಪೈಪು ಎರಡನ್ನೂ ಮುಂದೆ ಇಡೀ ಎಕರೆಗೆ ಹಿಗ್ಗಿಸಲು ಬರುವ ಹಾಗೆ ಹಾಕಿಸಿದೆ. ಹುಲ್ಲು ತುಂಬಿದ್ದ ಹಳೆಯ ಹುಳುಮನೆಯನ್ನು ಅವ್ವನೂ ನಾನೂ ಬರಿದು ಮಾಡಿ ತೊಳೆದೆವು. ಹೊಸ ಮನೆ ಕಟ್ಟಿಸುವ ನನ್ನ ನಕ್ಷೆ ಚೆನ್ನಾಗಿತ್ತು, ಅದು ಇನ್ನೂ ಇದೆ. ಸೊಪ್ಪು ಕಟಾವಿಗೆ ಬರುವಷ್ಟರಲ್ಲಿ ಐವತ್ತು ಮೊಟ್ಟೆಗೆ ಚಾಕಿ ಕೇಂದ್ರದಲ್ಲಿ ಹೇಳಿಟ್ಟೆವು. ಎರಡನೇ ಜ್ವರ ಮುಗಿಸಿದ ಎಳೆ ಹುಳುವನ್ನು ಅವರೇ ಸಾಕಿ ಕೊಡುತ್ತಾರೆ.

ಹುಳು ಬಂದ ದಿನ ನನ್ನ ಕೈ ನಡುಗುತ್ತಿತ್ತು. ಸುಳ್ಳು ಹೇಳುವುದೇಕೆ, ಅಪ್ಪನ ಕೈಯೂ ಸ್ವಲ್ಪ ನಡುಗುತ್ತಿತ್ತು. ಆದರೆ ಹುಳುವಿಗೆ ಸೊಪ್ಪು ಬೇಕು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ, ರಾತ್ರಿ ಇನ್ನೊಂದು ಸಲ. ನನ್ನ ತಲೆ ವರ್ಷಗಳ ಮುಂದಕ್ಕೆ ಓಡಿದರೂ ಹುಳು ಕೇಳುತ್ತಿದ್ದದ್ದು ಮುಂದಿನ ಒಂದು ಹೊತ್ತಿನ ಸೊಪ್ಪನ್ನಷ್ಟೇ. ಕಡ್ಡಿ ಕೊಯ್ದು, ಹೊತ್ತು ತಂದು, ಜ್ವರದಿಂದ ಎದ್ದವಕ್ಕೆ ರೋಗ ತಡೆಯುವ ವಿಜೇತ ಪುಡಿ ಉದುರಿಸಿ, ಕಡ್ಡಿಯನ್ನು ಹುಳುವಿನ ಹಾಸಿಗೆಯ ಮೇಲೆ ಅಡ್ಡಡ್ಡ ಹರಡಿ ಮುಗಿಸುವಷ್ಟರಲ್ಲಿ ಮುಂದಿನ ಹೊತ್ತು ಬಂದಿರುತ್ತಿತ್ತು. ಮನಸ್ಸು ಗಟ್ಟಿಯಾದ ಮೇಲೆ ಕೆಲಸಕ್ಕಿಳಿಯುತ್ತೇನೆ ಎಂದು ನಾನು ಕಾಯುತ್ತಿದ್ದೆನಲ್ಲ, ಅದು ತಿರುವುಮುರುವು. ಖಿನ್ನತೆಗೆ ಚಿಕಿತ್ಸೆ ಕೊಡುವವರಲ್ಲಿಯೂ ಒಂದು ಪದ್ಧತಿಯಿದೆ, ಮನಸ್ಸು ಒಪ್ಪುವವರೆಗೆ ಕಾಯಿಸದೆ ಸಣ್ಣ ಸಣ್ಣ ಕೆಲಸಗಳನ್ನು ಹೊತ್ತು ಗೊತ್ತು ಮಾಡಿ ಮಾಡಿಸುವುದು. ಕೆಲಸದ ಹಿಂದೆ ಮನಸ್ಸು ನಿಧಾನವಾಗಿ ಬರುತ್ತದೆ. ಹೀಗೆಂದು ಎಲ್ಲರ ಸಂಕಟಕ್ಕೂ ಹುಳು ಸಾಕಣೆಯೇ ಮದ್ದು ಎನ್ನುತ್ತಿಲ್ಲ. ಹಳೆಯ ಪೆಟ್ಟು ನಿದ್ದೆ, ಊಟ, ಬದುಕುವ ಆಸೆಯನ್ನೇ ತಿನ್ನುತ್ತಿದ್ದರೆ ವೈದ್ಯರನ್ನು ನೋಡಿ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಇದು ತಿಳಿಯದೆ ಹೋದ ಜೀವಗಳಿವೆ.

ಮಾಡಲು ಇಳಿದ ಮೇಲೆ ತಿಳಿದ ಸಂಗತಿಗಳು ನನ್ನ ಯಾವ ಹಾಳೆಯಲ್ಲೂ ಇರಲಿಲ್ಲ. ಪಕ್ಕದ ತೋಟದ ತೆಂಗಿನ ನೆರಳು ಬೀಳುವ ಸಾಲಿನ ಸೊಪ್ಪು ತೆಳು, ಅದನ್ನು ದೊಡ್ಡ ಹುಳುವಿಗೆ ಹಾಕಬಾರದು. ಹುಳುಮನೆಯ ಪಡುವಣ ಕಿಟಕಿ ಮಧ್ಯಾಹ್ನದ ಮೇಲೆ ಬೆಂಕಿ ಕಾರುತ್ತದೆ, ಅಲ್ಲಿಗೆ ಒದ್ದೆ ಗೋಣಿ ಬೇಕು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡದಿದ್ದರೆ ಇರುವೆ ಸಾಲು ಕಟ್ಟುತ್ತದೆ. ಥರ್ಮಾಮೀಟರ್ ನಾನು ತಂದಿದ್ದೆ. ಅಪ್ಪ ಹಾಸಿಗೆಯ ಅಡಿಗೆ ಕೈ ತೂರಿಸಿ, ‘ಅಡೀಲಿ ತ್ಯಾವ ನಿಂತದೆ ಕಣವ್ವ, ಸುಣ್ಣ ಚೆಲ್ಲು’ ಎನ್ನುತ್ತಿದ್ದರು. ಅಷ್ಟು ವರ್ಷ ಹುಳು ಮುಟ್ಟದಿದ್ದ ಅಪ್ಪನ ಬೆರಳಿಗೆ ಎಲ್ಲ ನೆನಪಿತ್ತು. ಅವರು ಸೋತ ಮನುಷ್ಯ ಎಂದು ನಾನು ಮನಸ್ಸಿನಲ್ಲಿ ಎಲ್ಲೋ ಇಟ್ಟುಕೊಂಡಿದ್ದೆ. ಹುಳುಮನೆಯಲ್ಲಿ ನಿಂತು ನೋಡಿದಾಗ ಅವರು ಕಸುಬುಗಾರ, ಬಜೆಟ್ಟಿನ ಪೆಟ್ಟು ತಿಂದವರು, ಅಷ್ಟೇ. ಇದೊಂದು ತಿಳಿದದ್ದಕ್ಕೆ ಬೆಳೆ ಪೂರ್ತಿ ಹೋಗಿದ್ದರೂ ನಾನು ಬೇಸರಿಸುತ್ತಿರಲಿಲ್ಲ.

ಬೆಳೆ ಪೂರ್ತಿ ಹೋಗಲಿಲ್ಲ. ಸ್ಟ್ಯಾಂಡಿನ ಒಂದು ಅಂತಸ್ತಿನಲ್ಲಿ ಹಾಲುತೊಂಡೆ ರೋಗ ಕಾಣಿಸಿತು. ಹುಳು ಊದಿಕೊಂಡು, ಹಾಸಿಗೆಯ ಅಂಚಿನಲ್ಲಿ ನಿಲ್ಲದೆ ಹರಿದಾಡಿ, ಚರ್ಮ ಒಡೆದು ಹಾಲಿನಂಥ ನೀರು ಬರುತ್ತದೆ. ನಾನು ಭಯಪಟ್ಟಿದ್ದ ಅದೇ ಗಳಿಗೆ. ಅವ್ವ ಒಂದು ಮಾತಾಡದೆ ಹಳೆಯ ಡಬ್ಬಿಗೆ ಸುಣ್ಣ ಹಾಕಿಕೊಂಡು ಬಂದು ಕಡ್ಡಿಯಲ್ಲಿ ಒಂದೊಂದೇ ಆರಿಸತೊಡಗಿದಳು, ನಾನೂ ಕೂತೆ. ಉಳಿದ ಅಂತಸ್ತುಗಳಿಗೆ ಹರಡಲಿಲ್ಲ. ಹುಳು ಹಣ್ಣಾದ ರಾತ್ರಿ ಓಣಿಯ ಹೆಂಗಸರು ಕರೆಯದೇ ಬಂದು, ಹುಳು ಗೂಡು ಕಟ್ಟುವ ಚಂದ್ರಿಕೆಗೆ ಬಿಡಿಸಿಕೊಟ್ಟರು. ಅವರಲ್ಲಿ ಅರ್ಧ ಜನ ಒಂದು ಕಾಲಕ್ಕೆ ತಾವೂ ಹುಳು ಸಾಕಿ ಬಿಟ್ಟವರು.

ರಾಮನಗರಕ್ಕೆ ಅಪ್ಪ ಮೊದಲು ಬರಲೊಪ್ಪಲಿಲ್ಲ. ಆಮೇಲೆ ಬೆಳಗಿನ ಜಾವಕ್ಕೆ ಶರಟು ಹಾಕಿಕೊಂಡು ನಿಂತಿದ್ದರು. ಮಾರುಕಟ್ಟೆ ಅವರು ಬಿಟ್ಟು ಬಂದ ಹಾಗಿರಲಿಲ್ಲ. ಈಗ ಇ-ಹರಾಜು, ದುಡ್ಡು ನೇರ ಬ್ಯಾಂಕ್ ಖಾತೆಗೆ. ಬಂದ ಬೆಲೆ ನನ್ನ ಹಾಳೆಯ ಮಧ್ಯದ ಕಾಲಮ್ಮಿಗೂ ಸ್ವಲ್ಪ ಕೆಳಗಿತ್ತು. ಚಾಕಿ, ಆಳು, ಬಾಡಿಗೆ ಕಳೆದು ಉಳಿದದ್ದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಕಮ್ಮಿ. ಅಪ್ಪ ಆ ಮೊತ್ತವನ್ನು ಎರಡು ಸಲ ಕೇಳಿ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ, ‘ಕೈಗಂತೂ ಕಡ್ದಿಲ್ಲ’ ಎಂದರು.

ಒಂದು ಬೆಳೆಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಮತ್ತೊಂದು ಬಜೆಟ್ ಬರಬಹುದು, ಬರಗಾಲ ಬರಬಹುದು. ಆದರೆ ನನ್ನ ಹೆದರಿಕೆಗೆ ಈಗ ಒಂದು ಅಳತೆ ಸಿಕ್ಕಿದೆ. ಮೊದಲು ಅದಕ್ಕೆ ಮೇರೆಯೇ ಇರಲಿಲ್ಲ. ಈಗ ಕೆಟ್ಟದ್ದೇ ಆದರೂ ಹೋಗುವುದು ಇಷ್ಟು ಚಾಕಿ, ಇಷ್ಟು ಕೂಲಿ, ಇಷ್ಟು ದಿನದ ಮೈಮುರಿತ ಎಂದು ಬೆರಳು ಮಡಚಿ ಹೇಳಬಲ್ಲೆ. ಎಕ್ಸೆಲ್ ಹಾಳೆಯನ್ನು ನಾನು ಅಳಿಸಿಲ್ಲ. ಬೆಳೆ ಮುಗಿದ ಮೇಲೆ ಅದರಲ್ಲಿ ಆದದ್ದನ್ನು ಬರೆಯುತ್ತೇನೆ. ಊಹೆಯ ಕಾಲಂಗಳು ಒಂದೊಂದಾಗಿ ಹೋಗುತ್ತಿವೆ.

ಆಫೀಸಿಗೆ ವಾಪಸು ಹೋಗಿ, ಮಾತಾಡಿ, ವಾರದಲ್ಲಿ ಅರ್ಧ ದಿನಗಳಷ್ಟೇ ಮೈಸೂರಿಗೆ ಬರುವ ಹಾಗೆ ಮಾಡಿಕೊಂಡಿದ್ದೇನೆ. ಮಳವಳ್ಳಿಯ ಒಂದೆರಡು ಅಂಗಡಿಗಳ ಲೆಕ್ಕವೂ ಸಿಕ್ಕಿದೆ. ತೋಟದ ಎರಡನೇ ಚಿಗುರು ಮೊದಲಿನದಕ್ಕಿಂತ ಚೆನ್ನಾಗಿ ಬಂದಿದೆ. ಅಪ್ಪ ಈ ಸಲ ನೂರು ಮೊಟ್ಟೆ ತರೋಣ ಎನ್ನುತ್ತಿದ್ದಾರೆ, ಸಾಲದಿದ್ದರೆ ಪಕ್ಕದೂರಲ್ಲಿ ಸೊಪ್ಪು ಕೊಳ್ಳೋಣವಂತೆ. ನಾನು ಒಪ್ಪಿಲ್ಲ. ಸಾಲು ಸಾಲು ನಡೆದು ನೋಡಿದ್ದೇನೆ, ಇರುವ ಸೊಪ್ಪು ಎಪ್ಪತ್ತೈದಕ್ಕೆ ಬರುತ್ತದೆ. ಚಾಕಿ ಕೇಂದ್ರಕ್ಕೆ ಫೋನ್ ಮಾಡಿ ಎಪ್ಪತ್ತೈದು ಎಂದೇ ಬರೆಸಿದೆ. ಗುರುವಾರದೊಳಗೆ ಮನೆಗೆ ಬ್ಲೀಚಿಂಗ್ ಹೊಡೆದು ಮುಗಿಸಬೇಕು. ಪಡುವಣ ಕಿಟಕಿಗೆ ಹೊರಗಿನಿಂದ ನೆರಳುಬಲೆ ಕಟ್ಟಬೇಕು, ಅದನ್ನು ಮದ್ದೂರಿನಿಂದ ತರಬೇಕಿದೆ.